ನಡುಗೋಡೆ

ಜೂನ್ ೧೧

ಕೆಂಡಮ್ಮ,

ಮೊದಲು ನಿನ್ನ ಬೈಗುಳ ತಿಂದುಬಿಡುತ್ತೇನೆ. ಮನೆ ಬದಲಿಸಿ ಎಷ್ಟು ದಿನವಾಯಿತು, ಅಕ್ಕ ಅನ್ನಿಸಿಕೊಂಡವಳು ಒಂದು ಸಾಲು ಬರೆಯಲಿಲ್ಲ ಎಂದು ಸಿಟ್ಟಿಗೆದ್ದು ಇಷ್ಟರಲ್ಲಿ ಇಸ್ತ್ರಿ ಮಾಡುತ್ತ ಯಾರದೋ ಅಂಗಿಯ ಕಾಲರ್ ಸುಟ್ಟಿರುತ್ತೀಯ. ಸುಟ್ಟಿದ್ದರೆ ಕಳಿಸು, ತಿರುಗಿಸಿ ಹೊಲಿದುಕೊಡುತ್ತೇನೆ. ಫೋನಿನಲ್ಲಿ ಮಾತಾಡೋಣ ಅಂದರೆ ನಿನಗೆ ಕಿವಿ ಕೇಳುವುದಿಲ್ಲ. ಫೋನಿನ ಮೇಲೆ ಅಕ್ಷರ ಒತ್ತೋಣ ಅಂದರೆ ನನ್ನ ಕಣ್ಣಿಗೆ ಅದು ಇರುವೆ ಸಾಲು. ಹಾಗಾಗಿ ಅಳತೆ ಕತ್ತರಿಸುವ ಈ ಕಂದು ಕಾಗದವೇ ಗತಿ. ಹಿಂಬದಿಯಲ್ಲಿ ಯಾರದೋ ತೋಳಿನ ಗೆರೆ ಇದೆ, ಅದನ್ನು ಓದಲು ಹೋಗಬೇಡ.

ಸಾಲುಮನೆ ಕೆಡವುತ್ತೇವೆಂದು ಹೊಸ ಮನೆಗಳಿಗೆ ಚೀಟಿ ಎತ್ತಿದ ದಿನ ನಿನಗೆ ಊರಾಚೆಯ ಕಟ್ಟಡ, ನನಗೆ ಹಳೇ ಜಾಗದ ಪಕ್ಕದ್ದೇ ಕಟ್ಟಡ ಬಂತಲ್ಲ, ಆಗ ಎಲ್ಲರೂ "ಮಿಷಿನಕ್ಕನ ಅದೃಷ್ಟ ನೋಡ್ರೀ" ಅಂದರು. ಆ ಅದೃಷ್ಟ ಹನ್ನೊಂದನೇ ಮಹಡಿಯಲ್ಲಿದೆ. ಕಿಟಕಿಯಿಂದ ನಮ್ಮ ಸಾಲುಮನೆ ಇದ್ದ ಜಾಗ ಕಾಣುತ್ತದೆ. ಸುತ್ತ ತಗಡಿನ ಬೇಲಿ ಹಾಕಿದ್ದಾರೆ, ಬೇಲಿಯ ಮೇಲೆ ಮರಗಿಡ, ಸೈಕಲ್ ಹೊಡೆಯುವ ಮಕ್ಕಳು, ಕೈ ಕೈ ಹಿಡಿದ ಮುದುಕ ಮುದುಕಿಯರ ಚಿತ್ರ. ಮುದುಕಿಯ ಕುಪ್ಪಸದ ಹೊಲಿಗೆ ತೋಳಿನ ಹತ್ತಿರ ಸರಿಯಾಗಿಲ್ಲ. ಆರೋಗ್ಯ ಕೇಂದ್ರವನ್ನೂ ಕೆಡವಿದರು. ಹೊಸದು ಬರುತ್ತದಂತೆ, ಅದೂ ಬೇಲಿಯ ಮೇಲಿನ ಚಿತ್ರದಲ್ಲಿದೆ.

ನಲ್ಲಿಯಲ್ಲಿ ಯಾವಾಗಲೂ ನೀರು. ಸುಳ್ಳು ಹೇಳಬಾರದು, ಅದೊಂದು ಸುಖ. ಆದರೆ ಕೆಳಗಿನ ಮನೆಯಾಕೆ ಬಂದಿದ್ದಳು. "ನಿಮ್ಮನೇಲಿ ಅದೇನ್ರೀ ಇಡೀ ದಿನ ಕಟಕಟ? ನಮ್ಮ ಯಜಮಾನ್ರಿಗೆ ತಲೆನೋವು" ಅಂದಳು. ನಮ್ಮ ಸಾಲಿನಲ್ಲಿ ಆ ಕಟಕಟ ನಿಂತರೆ ಜನಕ್ಕೆ ತಲೆನೋವು ಬರುತ್ತಿತ್ತು ತಾಯಿ, ಎಂದು ಹೇಳಬೇಕೆನಿಸಿತು. ಹೇಳಲಿಲ್ಲ, ಚಹಾ ಕುಡಿಯುತ್ತೀರಾ ಅಂದೆ. ಬೇಡ ಅಂದು ಹೋದಳು.

ಇನ್ನೊಂದು ವಿಷಯ. ಬರೆಯಬಾರದು ಅಂದುಕೊಂಡಿದ್ದೆ. ಹೋದ ವಾರ ಹೊಲಿಯುತ್ತಿರುವಾಗಲೇ ಶುಗರ್ ಇಳಿದುಹೋಯಿತು. ಅದೇ ಬೆವರು, ಅದೇ ನಡುಕ, ನಾಲಿಗೆ ಹತ್ತಿಯ ಉಂಡೆ. ಎಚ್ಚರವಾದಾಗ ಮುಖ ನೆಲದ ಮೇಲಿತ್ತು. ತೆವಳಿಕೊಂಡು ಹೋಗಿ ಸಕ್ಕರೆ ಡಬ್ಬಿಗೆ ಬಾಯಿ ಹಾಕಿದೆ. ಎಷ್ಟು ಹೊತ್ತು ಬಿದ್ದಿದ್ದೆನೋ ಗೊತ್ತಿಲ್ಲ. ಸಾಲುಮನೆಯಲ್ಲಾದರೆ ನನ್ನ ಮಿಷಿನ್ ನಿಂತ ಸ್ವಲ್ಪ ಹೊತ್ತಿಗೇ ನೀನು ಸಕ್ಕರೆ ನೀರಿನ ಲೋಟ ಹಿಡಿದು ಬಾಗಿಲಲ್ಲಿ ಇರುತ್ತಿದ್ದೆ. ಇಲ್ಲಿ ಯಾರೂ ಬರಲಿಲ್ಲ. ಯಾಕೆ ಬರಬೇಕು, ಅವರಿಗೆ ಹೇಗೆ ಗೊತ್ತಾಗಬೇಕು? ಹೆದರಿಕೆಯಾಯಿತು ಕಣೇ. ಅಷ್ಟೇ.

ನಿಮ್ಮ ಯಜಮಾನರಿಗೆ ತೋಟದ ಕೆಲಸ ಸಿಕ್ಕಿತೇ? ಬರೆ.

ನಿನ್ನ ಬೈಗುಳಕ್ಕೆ ಕಾದಿರುವ
ಮಿಷಿನಕ್ಕ


ಜುಲೈ ೩

ಅಕ್ಕಾ,

ಬೈಯುತ್ತೇನೆ, ಇರು. ನೆಲಕ್ಕೆ ಬಿದ್ದ ವಿಷಯವನ್ನು ಕಾಗದದ ಕೊನೆಯಲ್ಲಿ ಬರೆಯುತ್ತಾರೇನೇ? ಮೊದಲು ಮುದುಕಿಯ ಕುಪ್ಪಸ, ಆಮೇಲೆ ನಲ್ಲಿ ನೀರು, ಆಮೇಲೆ ಯಾರದೋ ಗಂಡನ ತಲೆನೋವು, ಎಲ್ಲ ಮುಗಿದ ಮೇಲೆ "ಹೆದರಿಕೆಯಾಯಿತು, ಅಷ್ಟೇ". ನಿನ್ನ ಅಷ್ಟೇಗೆ ನನ್ನ ಹೊಟ್ಟೆಯಲ್ಲಿ ಕೆಂಡ ಸುರಿದ ಹಾಗಾಯಿತು.

ಮದುವೆಯಾದ ವರ್ಷ ಜ್ವರ ಬಂದು ಕಿವಿ ಹೋದಾಗ ನಾನು ಇನ್ನು ಯಾರಿಗೂ ಬೇಡ ಅಂದುಕೊಂಡಿದ್ದೆ. ನಡುಗೋಡೆಗೆ ಒತ್ತಿಸಿ ಇಸ್ತ್ರಿ ಮೇಜು ಹಾಕಿದ ದಿನ ಅಂಗೈಯಲ್ಲಿ ಏನೋ ಗುಯ್ ಅಂದ ಹಾಗಾಯಿತು. ಇದೇನು ಭೂಕಂಪವೇ ಎಂದು ಹೊರಗೆ ಓಡಿ ಬಂದು ನೋಡಿದರೆ ಆಚೆ ಮನೆಯಲ್ಲಿ ನೀನು ಪೆಡಲ್ ತುಳಿಯುತ್ತ ಕೂತಿದ್ದೆ. ಅಂದಿನಿಂದ ನೀನು ಏನು ಹೊಲಿಯುತ್ತೀಯ ಅಂತ ನನ್ನ ಕೈಗೆ ಗೊತ್ತು. ಪರದೆಯ ಅಂಚಾದರೆ ಒಂದೇ ಸಮ, ಕಾಲರ್ ಆದರೆ ನಿಂತು ನಿಂತು. ನಿಂತದ್ದು ಮತ್ತೆ ಹೊರಡದಿದ್ದರೆ ನನ್ನ ಕಾಲು ತಾನಾಗಿ ಸಕ್ಕರೆ ಡಬ್ಬಿಯ ಕಡೆ ಹೋಗುತ್ತಿತ್ತು. ಎಷ್ಟು ಸಲ ನಿನ್ನ ಹಲ್ಲು ಬಿಡಿಸಿ ಕುಡಿಸಿದ್ದೇನೆ. ಒಂದು ಸಲ ಬೆರಳು ಕಚ್ಚಿದ್ದೆ, ನೆನಪಿದೆಯಾ?

ಇಲ್ಲಿ ನನ್ನ ಮೇಜು ಕೋಣೆಯ ನಡುವೆ ಅನಾಥವಾಗಿ ನಿಂತಿದೆ. ಇದ್ದಿಲು ಹಾಕುವ ಇಸ್ತ್ರಿ ಪೆಟ್ಟಿಗೆ ಕೂಡದು ಅಂದರು, ಹೊಗೆಯಂತೆ. ಕರೆಂಟಿನದು ತಂದರೆ ಬಟ್ಟೆ ಕೊಡುವವರೇ ಇಲ್ಲ, ಎಲ್ಲರ ಮನೆಯಲ್ಲೂ ಅವರದೇ ಇದೆ. ಅದು ಹಾಳಾಗಲಿ. ಇಲ್ಲಿನ ಜನ ಬೆನ್ನು ತಿರುಗಿಸಿಕೊಂಡು ಮಾತಾಡುತ್ತಾರೆ, ನಾನು ತುಟಿ ನೋಡುವುದು ಹೇಗೆ? ನಮ್ಮ ಸಾಲಿನಲ್ಲಿ ಹಾಲಿನವನಿಂದ ಹಿಡಿದು ಚಿಕ್ಕ ಮಕ್ಕಳವರೆಗೆ ಭುಜ ಮುಟ್ಟಿ, ಮುಖ ತೋರಿಸಿ ಮಾತಾಡುತ್ತಿದ್ದರು. ಅವರಿಗೆ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ನಾನು ಕಿವುಡಿ ಅಂತ ನನಗೇ ಮರೆತುಹೋಗಿತ್ತು, ಇಲ್ಲಿಗೆ ಬಂದ ಮೇಲೆ ನೆನಪಾಗಿದೆ.

ಈಗ ಕೇಳು. ನಿನ್ನ ಡಾಕ್ಟರಿಗೆ ಏನು ಗೊತ್ತು? ಅವನು ನಿನ್ನನ್ನು ಕುರ್ಚಿಯ ಮೇಲೆ ನೋಡಿದ್ದಾನೆ, ನಾನು ನೆಲದ ಮೇಲೆ ನೋಡಿದ್ದೇನೆ. ನೀನು ಒಬ್ಬಳೇ ಇರುವಷ್ಟು ದಿನ ಇನ್ಸುಲಿನ್ ಅರ್ಧ ಹಾಕಿಕೋ. ಮಿಷಿನ್ ಮುಂದೆ ಕೂರುವ ಮೊದಲು ಸಕ್ಕರೆ ಹಾಕಿದ ಚಹಾ ಕುಡಿ. ಪಕ್ಕದಲ್ಲಿ ಬಿಸ್ಕತ್ತು ಇಟ್ಟುಕೋ. ಹೊಟ್ಟೆ ಖಾಲಿ ಬಿಡಬೇಡ. ನಾನು ಬರುವವರೆಗೆ ಮಾಡು. ನಾನು ಬಂದೇ ಬರುತ್ತೇನೆ, ನಿನ್ನ ಪಕ್ಕದ ಮನೆಯವರು ಯಾರು, ಅವರಿಗೆ ಊರಾಚೆಯ ಒಳ್ಳೇ ಗಾಳಿ ಬೇಕೇ, ಕೇಳಿ ಬರೆ. ಮನೆ ಅದಲುಬದಲು ಮಾಡಿಕೊಡುತ್ತಾರಂತೆ. ನಮ್ಮನೆಯವರಿಗೆ ತೋಟದ ಕೆಲಸ ಸಿಕ್ಕಿದೆ, ಗುಲಾಬಿ ಗಿಡಗಳಿಗೆ ನೀರು ಬಿಡುವುದು.

ನನ್ನ ಆಣೆ, ಅರ್ಧ ಹಾಕಿಕೋ.

ಸಿಟ್ಟು ಇಳಿಯದ
ಕೆಂಡ


ಆಗಸ್ಟ್ ೮

ಕೆಂಡಮ್ಮ,

ಆಣೆ ಹಾಕಿದ ಮೇಲೆ ಮೀರಲು ನನಗೇನು ಎರಡು ತಲೆಯೇ? ನಿನ್ನ ಕಾಗದ ಬಂದ ದಿನದಿಂದ ಅರ್ಧವೇ ಹಾಕಿಕೊಳ್ಳುತ್ತಿದ್ದೇನೆ. ಸಕ್ಕರೆ ಚಹಾ ಕುಡಿದು ಕೂರುತ್ತೇನೆ. ಒಂದು ಸಲವೂ ಬಿದ್ದಿಲ್ಲ! ಬೆವರಿಲ್ಲ, ನಡುಕವಿಲ್ಲ. ಇಷ್ಟು ವರ್ಷ ಡಾಕ್ಟರು ನನ್ನಿಂದ ಚಹಾ ಕಸಿದುಕೊಂಡಿದ್ದರು, ಇಸ್ತ್ರಿಯವಳು ವಾಪಸು ಕೊಡಿಸಿದಳು. ನೀನು ಬೋರ್ಡು ಹಾಕಿಕೊಂಡು ಕೂರಬಹುದು.

ಬಾಯಿ ಮಾತ್ರ ಒಣಗುತ್ತದೆ. ನೀರು ಕುಡಿದಷ್ಟೂ ದಾಹ, ಕುಡಿದದ್ದೆಲ್ಲ ಬಚ್ಚಲಿಗೆ. ಈ ಎತ್ತರದ ಗಾಳಿಯೇ ಹಾಗಿರಬೇಕು. ಸೂಜಿಗೆ ದಾರ ಪೋಣಿಸಲು ಹೊತ್ತು ಹಿಡಿಯುತ್ತದೆ, ಕನ್ನಡಕ ಹಳತಾಯಿತು.

ಕೆಳಗಿನವಳು ಈ ಸಲ ಕಟ್ಟಡದ ಮೇಲ್ವಿಚಾರಕನನ್ನೇ ಕರೆತಂದಳು. ಅವನು ಒಳ್ಳೆಯವನು, ತಾನೇ ಒಂದು ದಪ್ಪ ರಬ್ಬರ್ ಹಾಸು ತಂದು ಮಿಷಿನ್ ಕೆಳಗೆ ಹಾಕಿಕೊಟ್ಟ. ಈಗ ನನ್ನ ಮಿಷಿನ್ ಬೆಕ್ಕಿನ ಹಾಗೆ ನಡೆಯುತ್ತದೆ. ಕೆಳಗಿನವಳು ಮೆಟ್ಟಿಲಲ್ಲಿ ಸಿಕ್ಕಾಗ ನಕ್ಕಳು. ಅವಳ ಗಂಡನಿಗೆ ತಲೆನೋವು ಹೋಗಿದೆ, ಪಾಪ, ಒಳ್ಳೆಯದಾಗಲಿ.

ಪಕ್ಕದ ಮನೆಯವರು ನಿವೃತ್ತ ಬಸ್ ಕಂಡಕ್ಟರು. ಹೆಂಡತಿ ತೀರಿಕೊಂಡಿದ್ದಾರೆ. ಲಿಫ್ಟಿನೊಳಗೆ ಹೋದರೆ "ಒಳಗೆ ಹೋಗಿ, ಒಳಗೆ ಹೋಗಿ, ಮುಂದೆ ಜಾಗ ಇದೆ" ಅನ್ನುತ್ತಾರೆ, ಅಭ್ಯಾಸ ಬಲ. ಅವರ ಮಗಳಿಗೆ ನಿನ್ನ ಕಡೆಯ ಕಟ್ಟಡವೇ ಸಿಕ್ಕಿದೆಯಂತೆ! ಕೇಳಿದ ಕೂಡಲೇ "ಇವತ್ತೇ ಕೊಡ್ತೀನಿ, ಎಲ್ಲಿ ಸಹಿ ಹಾಕ್ಲಿ?" ಅಂದರು. ಅವರ ಹಜಾರಕ್ಕೂ ನನ್ನ ಹಜಾರಕ್ಕೂ ಒಂದೇ ಗೋಡೆ. ಬೆರಳಿನಿಂದ ಬಡಿದು ನೋಡಿದೆ, ಬಲು ದಪ್ಪ. ನಿನ್ನ ಅಂಗೈಗೆ ಏನಾದರೂ ತಿಳಿಯುತ್ತದೋ ಇಲ್ಲವೋ. ತಿಳಿಯದಿದ್ದರೂ ನೀನು ಇರುತ್ತೀಯಲ್ಲ.

ಸಾಯಂಕಾಲ ಹೊಸ್ತಿಲ ಮೇಲೆ ಕೂರಲು ಇಲ್ಲಿ ಹೊಸ್ತಿಲೇ ಇಲ್ಲ. ಮೊನ್ನೆ ಕುರ್ಚಿ ಹೊರಗೆ ಹಾಕಿ ಕೂತೆ. ಓಡಾಡುವ ದಾರಿ, ಸಾಮಾನು ಇಡಬಾರದು ಅಂದರು. ನಾನೇ ಸಾಮಾನು ಅಂತ ಅವರಿಗೆ ಅನ್ನಿಸಿರಬೇಕು. ಒಳಗೆ ಬಂದು ಸ್ವಲ್ಪ ಅತ್ತೆ, ಆಮೇಲೆ ಬಿಸ್ಕತ್ತು ತಿಂದೆ.

ನಿನ್ನ ವೈದ್ಯದಿಂದ ಬದುಕಿರುವ
ಮಿಷಿನಕ್ಕ


ಸೆಪ್ಟೆಂಬರ್ ೧೪

ಅಕ್ಕಾ,

ನಾನು ಹೇಳಲಿಲ್ಲವೇ? ಬೀಳುವುದು ನಿಂತಿತಲ್ಲ, ಇನ್ನು ಯಾರ ಮಾತೂ ಕೇಳಬೇಡ. ನಿನ್ನ ದೇಹ ನನಗೆ ಗೊತ್ತಿರುವಷ್ಟು ನಿನಗೇ ಗೊತ್ತಿಲ್ಲ. ಹಸಿವಾದರೆ ತಿನ್ನು. ದಾಹವಾದರೆ ಹಣ್ಣಿನ ರಸ ಕುಡಿ, ಬರೀ ನೀರು ಶಕ್ತಿ ಕೊಡುವುದಿಲ್ಲ.

ಹೋದ ಭಾನುವಾರ ನಿನ್ನನ್ನು ನೋಡಲು ಹೊರಟಿದ್ದೆ, ಗೊತ್ತೇ? ಹೇಳದೆ ಬಂದು ಬಾಗಿಲಲ್ಲಿ ನಿಂತು ನಿನ್ನ ಮುಖ ನೋಡಬೇಕು ಅಂತ ಆಸೆ. ಎರಡನೇ ಬಸ್ಸಿನಲ್ಲಿ ಕೂತೆ. ಅಲ್ಲಿ ಈಗ ಎಲ್ಲ ಹೊಸ ರಸ್ತೆ, ಮೇಲೊಂದು ಕೆಳಗೊಂದು. ನಿಲ್ದಾಣಗಳ ಹೆಸರನ್ನು ಬಸ್ಸಿನಲ್ಲಿ ಕೂಗುತ್ತಾರಂತೆ, ಬರೆದು ತೋರಿಸುವುದಿಲ್ಲ. ಮೂಲೆಯ ಗಡಿಯಾರದಂಗಡಿ ಬಂದರೆ ಇಳಿಯೋಣ ಎಂದು ಕಿಟಕಿಗೆ ಕಣ್ಣು ನೆಟ್ಟು ಕೂತಿದ್ದೆ. ಗಡಿಯಾರದಂಗಡಿಯನ್ನು ಕೆಡವಿದ್ದಾರೆ, ಅಲ್ಲವೇ? ಬಸ್ಸು ಡಿಪೋಗೆ ಹೋಗಿ ನಿಂತಿತು. ಡ್ರೈವರ್ ಬಂದು ಏನೋ ಬೈದ, ಬೆನ್ನು ತಿರುಗಿಸಿಕೊಂಡೇ ಬೈದ. ಅಲ್ಲಿಂದ ವಾಪಸು ಬಂದೆ. ಹುಟ್ಟಿ ಬೆಳೆದ ಊರಿನಲ್ಲಿ ದಾರಿ ತಪ್ಪಿದೆ ಅಂದರೆ ಯಾರ ಮುಂದೆ ಹೇಳಲಿ.

ಅದಲುಬದಲಿನ ಅರ್ಜಿ ಕೊಟ್ಟಿದ್ದೇನೆ. ಕಚೇರಿಯ ಹೆಂಗಸು ಒಳ್ಳೆಯವಳು, ಮುಖ ನೋಡಿ ನಿಧಾನವಾಗಿ ಮಾತಾಡಿದಳು. "ಯಾಕಮ್ಮ ಆ ಕಡೆಗೇ ಬೇಕು? ಸಂಬಂಧಿಕರಾ?" ಅಂದಳು. "ಒಂದು ಗೋಡೆಯವರು" ಅಂದೆ. ಅವಳು ಸಂಬಂಧಿಕರು ಎಂದೇ ಬರೆದುಕೊಂಡಳು.

ಮನೆಯಲ್ಲಿ ದೊಡ್ಡ ಜಗಳ. ಇವರ ತೋಟದ ಕೆಲಸ ಇಲ್ಲೇ ಇರುವವರಿಗೆ ಮಾತ್ರ. "ನೀನು ಗಂಡನ ಜೊತೆ ಇರ್ತೀಯೋ ಗೋಡೆ ಜೊತೆ ಇರ್ತೀಯೋ, ಇವತ್ತು ಹೇಳಿಬಿಡು" ಅಂದರು. ಆ ಮಾತನ್ನು ಮಾತ್ರ ಬೆನ್ನು ತಿರುಗಿಸದೆ, ತುಟಿ ಸ್ಪಷ್ಟವಾಗಿ ಆಡಿಸಿ ಹೇಳಿದರು. ನಾನು ಪಾತ್ರೆ ತೊಳೆಯಲು ಹೋದೆ. ಅವರು ಕೆಟ್ಟವರಲ್ಲ ಅಕ್ಕಾ, ನಿನಗೆ ಗೊತ್ತು. ಆದರೆ ಇಲ್ಲಿ ನನಗೆ ನಿದ್ದೆಯೇ ಬರುವುದಿಲ್ಲ, ಎದ್ದು ಕೂತು ಗೋಡೆ ಮುಟ್ಟಿದರೆ ತಣ್ಣಗಿರುತ್ತದೆ.

ಬಂದೇ ಬರುವ
ಕೆಂಡ


ಅಕ್ಟೋಬರ್ ೨೦

ಕೆಂಡಮ್ಮ,

ಅಕ್ಷರ ಸೊಟ್ಟಗಿದೆ, ಕ್ಷಮಿಸು. ಕಣ್ಣಿನ ಮುಂದೆ ಮಂಜು ಮಂಜು.

ಹಿಮ್ಮಡಿಯಲ್ಲಿ ಒಂದು ಸಣ್ಣ ಗಾಯ. ಹೊಲಿಗೆಯವಳ ಮನೆಯಲ್ಲಿ ಗುಂಡುಸೂಜಿ ಬೀಳುವುದು ಹೊಸದೇ? ಬರಿಗಾಲಲ್ಲಿ ಪೆಡಲ್ ತುಳಿಯುವವಳು ನಾನು. ಒಂದು ಸೂಜಿ ಹೊಕ್ಕಿತ್ತು. ನನಗೆ ಗೊತ್ತೇ ಆಗಲಿಲ್ಲ, ನೋವೇ ಇಲ್ಲವಲ್ಲ. ನೆಲದ ಮೇಲೆ ಅಲ್ಲಲ್ಲಿ ಕಲೆ ಕಂಡು ಯಾವ ಬಟ್ಟೆಯ ಬಣ್ಣ ಬಿಡುತ್ತಿದೆ ಅಂತ ಹುಡುಕಿದೆ ನೋಡು! ಕಂಡಕ್ಟರು ಬಾಗಿಲಲ್ಲಿ ನಿಂತು ಮಾತಾಡುವಾಗ ನನ್ನ ಕಾಲು ನೋಡಿ ಗಾಬರಿಯಾದರು. ಸಾಯಂಕಾಲ ಹೊಸ್ತಿಲಲ್ಲಿ ಕಾಲು ಚಾಚಿ ಕೂರುತ್ತಿದ್ದೆವಲ್ಲ, ಆಗ ನನ್ನ ಕಾಲಿಗೆ ಮುಳ್ಳು ಚುಚ್ಚಿದರೆ ನೀವು ನಾಲ್ಕು ಜನ ಮೊದಲು ನೋಡುತ್ತಿದ್ದಿರಿ. ಇಲ್ಲಿ ನನ್ನ ಕಾಲನ್ನು ನಾನೂ ನೋಡಿರಲಿಲ್ಲ.

ಅವರೇ ಆಸ್ಪತ್ರೆಗೆ ಕರೆದುಕೊಂಡು ಹೋದರು. ಮುಲಾಮು ಕೊಟ್ಟಿದ್ದಾರೆ. ಡಾಕ್ಟರು ಇನ್ನೂ ಏನೇನೋ ಕೇಳಿದರು.

ಇನ್ನು ಮೇಲೆ ಶುಗರ್ ವಿಷಯ ಬರೆಯಬೇಡ. ಬೇರೆ ಏನಾದರೂ ಬರೆ. ಗುಲಾಬಿ ಗಿಡ ಹೇಗಿವೆ, ನಿಮ್ಮ ಯಜಮಾನರ ಸಿಟ್ಟು ಇಳಿಯಿತೇ, ಅಂಥದ್ದು.

ಮಿಷಿನಕ್ಕ


ನವೆಂಬರ್ ೧೬

ಅಕ್ಕಾ, ಅಕ್ಕಾ, ಅಕ್ಕಾ!

ಅದಲುಬದಲು ಮಂಜೂರಾಯಿತು! ಮುಂದಿನ ತಿಂಗಳು ಕೀಲಿಕೈ. ಕಾಗದ ಕೈಗೆ ಬಂದಾಗ ನಾನು ಹೇಗೆ ಕಿರುಚಿದೆನೋ, ಅಕ್ಕಪಕ್ಕದವರೆಲ್ಲ ಬಾಗಿಲು ತೆಗೆದು ನೋಡಿದರು. ಮೊದಲ ಸಲ ಅವರ ಮುಖ ಪೂರ್ತಿ ಕಂಡೆ.

ಇವರು ಒಪ್ಪಿದರು. ಒಪ್ಪಿದರು ಅಂದರೆ, ತೋಟದ ಸಾಮಾನಿನ ಕೋಣೆಯಲ್ಲಿ ಇವರು ಮಲಗುವುದು, ವಾರಕ್ಕೊಮ್ಮೆ ನನ್ನ ಹತ್ತಿರ ಬರುವುದು. "ಹೋಗು ಮಾರಾಣಿ, ಇಲ್ಲಿದ್ರೆ ನೀನು ಹುಚ್ಚಿ ಆಗ್ತೀಯ, ಅಲ್ಲಿದ್ರೆ ನಾನು ಒಬ್ಬ ಉಪವಾಸ ಬೀಳ್ತೀನಿ, ಅಷ್ಟೇ ತಾನೆ" ಅಂದರು. ನಗುತ್ತಲೇ ಅಂದರು. ಆಮೇಲೆ ಹೊರಗೆ ಹೋಗಿ ತುಂಬ ಹೊತ್ತು ಬರಲಿಲ್ಲ.

ನಾನು ಎಲ್ಲ ಯೋಚಿಸಿಟ್ಟಿದ್ದೇನೆ. ಕೆಳಗಿನವಳ ಗಂಡನಿಗೆ ತಲೆನೋವು ಬಂದರೆ ನಾನೇ ಹೋಗಿ ತಲೆ ಒತ್ತುತ್ತೇನೆ, ನೀನು ಆ ರಬ್ಬರ್ ಹಾಸು ಮಾತ್ರ ತೆಗೆದುಬಿಡು. ಗೋಡೆ ದಪ್ಪವಾದರೆ ದಪ್ಪವಾಗಲಿ, ದಿನಕ್ಕೆ ಹತ್ತು ಸಲ ಬಂದು ನೋಡುತ್ತೇನೆ. ಇನ್ಸುಲಿನ್ ಪೂರ್ತಿ ಹಾಕಿಕೊಳ್ಳುವೆಯಂತೆ, ಬಿದ್ದರೆ ಎತ್ತಲು ನಾನಿದ್ದೇನೆ. ಅಲ್ಲಿಯವರೆಗೆ ಅರ್ಧ. ಬರೆಯಬೇಡ ಅಂದೆ, ಬರೆದುಬಿಟ್ಟೆ, ಹೋಗಲಿ.

ಗಾಯ ಒಣಗಿತೇ? ಎರಡು ಕಾಗದ ಹಾಕಿದೆ, ಉತ್ತರವಿಲ್ಲ. ಕಣ್ಣು ಮಂಜಾದರೆ ಕಂಡಕ್ಟರ ಕೈಯಲ್ಲಿ ಬರೆಸು.

ಗಂಟುಮೂಟೆ ಕಟ್ಟುತ್ತಿರುವ
ಕೆಂಡ


ನವೆಂಬರ್ ೨೭

ಇಸ್ತ್ರಿ ಕೆಲಸದ ತಾಯಿಗೆ,

ಪಕ್ಕದ ಮನೆಯ ಕಂಡಕ್ಟರ್ ಬರೆಯುತ್ತಿದ್ದೇನೆ. ಟಿಕೆಟ್ ಹರಿದು ಅಭ್ಯಾಸ, ಕಾಗದ ಬರೆದು ಅಭ್ಯಾಸವಿಲ್ಲ. ತಪ್ಪಿದ್ದರೆ ಮನ್ನಿಸಬೇಕು. ನಿಮಗೆ ಫೋನು ಆಗುವುದಿಲ್ಲ ಎಂದು ಅವರು ಹೇಳಿದ್ದರು.

ಹೊಲಿಗೆಯಮ್ಮ ಆಸ್ಪತ್ರೆಯಲ್ಲಿದ್ದಾರೆ. ಜೀವಕ್ಕೆ ಅಪಾಯವಿಲ್ಲ, ಅದನ್ನು ಮೊದಲು ಬರೆದಿದ್ದೇನೆ. ಹಿಮ್ಮಡಿಯ ಗಾಯ ಕೀವಾಗಿ ಮೇಲಕ್ಕೆ ಏರಿತ್ತು. ನಾನು ಮಗಳ ಮನೆಗೆ ಹೋಗಿ ನಾಲ್ಕು ದಿನ ಇದ್ದು ಬಂದೆ. ಬಂದಾಗ ಅವರ ಬಾಗಿಲ ಹತ್ತಿರ ಏನೋ ವಾಸನೆ. ತಟ್ಟಿದರೆ "ಏನಿಲ್ಲ, ಜ್ವರ, ಮಲಗಿದ್ದೀನಿ" ಎಂದರು. ಒತ್ತಾಯ ಮಾಡಿ ಬಾಗಿಲು ತೆಗೆಸಿದೆ. ಅಂದು ಲಿಫ್ಟ್ ಕೆಟ್ಟಿತ್ತು. ಹನ್ನೊಂದು ಮಹಡಿ ಅವರನ್ನು ಕುರ್ಚಿಯಲ್ಲಿ ಇಳಿಸಿದೆವು. ಕೆಳಗಿನ ಮನೆಯವರ ಯಜಮಾನರು ಒಂದು ಕಡೆ ಹಿಡಿದರು. ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದಿದ್ದಾರೆ. ಪೆಡಲ್ ತುಳಿಯುವ ಕಾಲು ಅದೇ ಎಂದು ಅವರು ಹೇಳಿದರು.

ಡಾಕ್ಟರು ಬಹಳ ಬೇಸರಪಟ್ಟುಕೊಂಡರು. ತಿಂಗಳುಗಟ್ಟಲೆ ಶುಗರ್ ಏರಿಯೇ ಇತ್ತಂತೆ, ಅದಕ್ಕೇ ಗಾಯ ಮಾಯಲಿಲ್ಲ ಎಂದರು. ಅಕ್ಟೋಬರಿನಲ್ಲಿ ಹೋದಾಗಲೇ ಕೇಳಿದ್ದರು, "ಅರ್ಧ ಹಾಕಿಕೊಳ್ಳಿ ಅಂತ ಯಾರಮ್ಮ ಹೇಳಿದ್ದು ನಿಮಗೆ? ಯಾವ ಪುಣ್ಯಾತ್ಮ?" ಎಂದು. ಆಗಲೂ ಇವರು ಬಾಯಿ ಬಿಡಲಿಲ್ಲ. ಮೊನ್ನೆ ಮತ್ತೆ ಕೇಳಿದರು. "ನಾನೇ, ನನ್ನ ತಲೆ" ಎಂದರು. ಪೂರ್ತಿ ಹಾಕಿಕೊಳ್ಳಿ ಎಂದು ಡಾಕ್ಟರು ಅಂದೇ ಹೇಳಿದ್ದರು, ಇವರು ಹಾಕಿಕೊಳ್ಳಲಿಲ್ಲ. ಒಬ್ಬಳೇ ಬಿದ್ದು ಸಾಯುವ ಹೆದರಿಕೆ ಎಂದು ನನ್ನ ಹತ್ತಿರ ಒಮ್ಮೆ ಹೇಳಿದ್ದರು. ಯಾರೋ ತಿಳಿಯದವರು ಏನೋ ಹೇಳಿ ಪಾಪ ಆಕೆಯ ಬಾಳು ಹಾಳು ಮಾಡಿದರು ಎಂದು ನನಗನ್ನಿಸುತ್ತದೆ.

ಮನೆ ಬದಲಿನ ವಿಷಯ. ಕಾಗದಪತ್ರ ಎಲ್ಲ ಆಗಿದೆ, ಆದರೂ ನೀವು ಬೇಡವೆಂದರೆ ನಿಲ್ಲಿಸಲು ನಾನು ತಯಾರಿದ್ದೇನೆ. ಆಕೆಯನ್ನೂ ಕೇಳಿದೆ, ಅವರು ಬರಲೇ ಬೇಡವೇ ಎಂದು. ಉತ್ತರ ಕೊಡಲಿಲ್ಲ, ಕಿಟಕಿಯ ಕಡೆ ನೋಡುತ್ತಿದ್ದರು. ಮೌನವೇ ಸಮ್ಮತಿ ಎಂದು ತಿಳಿದೆ.

ತಮ್ಮ ವಿಶ್ವಾಸಿ,
ಕಂಡಕ್ಟರ್ (ನಿವೃತ್ತ)


ಜನವರಿ ೧೯

ಅಕ್ಕಾ,

ಪಕ್ಕದ ಮನೆಗೆ ಕಾಗದ ಬರೆಯುವ ಗತಿ ಬರುತ್ತದೆ ಅಂತ ಯಾರು ಅಂದುಕೊಂಡಿದ್ದರು. ಬಾಗಿಲ ಕೆಳಗೆ ತೂರಿಸುತ್ತೇನೆ, ನಿನ್ನನ್ನು ನೋಡಿಕೊಳ್ಳುವ ಆಯಾ ಎತ್ತಿ ಕೊಡುತ್ತಾಳೆ.

ಈ ವಾರ ಪೂರ್ತಿ ನೀನು ಬಾಗಿಲು ತೆಗೆಸಲಿಲ್ಲ. ನಾನು ತಟ್ಟುತ್ತೇನೆ, ನೀನು ಒಳಗಿನಿಂದ ಏನಾದರೂ ಹೇಳುತ್ತಿರಬಹುದು. ಬಾ ಅಂದೆಯೋ, ಹೋಗು ಅಂದೆಯೋ, ಮಲಗಿದ್ದೇನೆ ಅಂದೆಯೋ, ನನಗೆ ಹೇಗೆ ಗೊತ್ತಾಗಬೇಕು? ಬಾಗಿಲಿಗೆ ತುಟಿ ಇಲ್ಲ. ಅದಕ್ಕೇ ತಟ್ಟುತ್ತಲೇ ಇರುತ್ತೇನೆ. ಮೇಲ್ವಿಚಾರಕ ಬಂದು ಭುಜ ಮುಟ್ಟಿ, ಬೇಡಮ್ಮ ಅಂದ.

ಮೊದಲ ದಿನ ನಾನು ಹಾಗೆ ಮಾಡಬಾರದಿತ್ತು. ನಿನ್ನ ಹೊದಿಕೆ ಒಂದು ಕಡೆ ಚಪ್ಪಟೆಯಾಗಿದ್ದದ್ದು ನೋಡಿ ತಡೆಯಲಾಗಲಿಲ್ಲ, ಬಿದ್ದು ಹೊರಳಾಡಿ ಅತ್ತೆ. ಎರಡನೇ ದಿನ ಅಳಬಾರದು ಅಂದುಕೊಂಡೇ ಬಂದೆ. ಮತ್ತೆ ಅತ್ತೆ. ಮೂರನೇ ದಿನವೂ ಅದೇ ಹಾಡು.

ಅಕ್ಕಾ, ಕಂಡಕ್ಟರು ಬರೆದ ಆ ತಿಳಿಯದವಳು ನಾನೇ. ನಿನಗೆ ಗೊತ್ತು, ನನಗೆ ಗೊತ್ತು, ಆದರೂ ಬರೆಯುತ್ತೇನೆ. ಗೋಡೆಯಿಂದ ನನಗೆ ನೀನು ಬೀಳುವುದಷ್ಟೇ ತಿಳಿಯುತ್ತಿತ್ತು. ಬೀಳದಿದ್ದರೆ ಎಲ್ಲ ಸರಿ ಅಂದುಕೊಂಡೆ. ಬೀಳದೆಯೂ ಹಾಳಾಗಬಹುದು ಅಂತ ನನಗೆ ಯಾರೂ ಹೇಳಲಿಲ್ಲ. ಡಾಕ್ಟರಿಗಿಂತ ನಾನು ಹೆಚ್ಚು ಅಂದುಕೊಂಡೆನಲ್ಲ, ನನ್ನ ನಾಲಿಗೆಗೆ ಬೆಂಕಿ ಹಾಕ. ನಿನ್ನ ಕಾಲನ್ನು ನಾನೇ ತೆಗೆದೆ.

ಹೊಡಿ, ಬೈ, ಉಗಿ. ಬಾಗಿಲು ತೆಗೆದು ಬೈ, ನಾನು ತುಟಿ ನೋಡಿಕೊಂಡು ಒಂದೊಂದನ್ನೂ ಕೇಳಿಸಿಕೊಳ್ಳುತ್ತೇನೆ. ನಿನಗೆ ಸ್ನಾನ ಮಾಡಿಸುತ್ತೇನೆ, ತಲೆ ಬಾಚುತ್ತೇನೆ, ಆಯಾಳನ್ನು ಬಿಡಿಸಿಬಿಡು. ನಾನು ಬಂದದ್ದೇ ಅದಕ್ಕಲ್ಲವೇ?

ನಿನ್ನ ಬಾಗಿಲಲ್ಲಿರುವ
ಕೆಂಡ


ಜನವರಿ ೨೨

ಕೆಂಡಮ್ಮ,

ಆಯಾಳ ಕೈಯಲ್ಲಿ ಬರೆಸಬಹುದಿತ್ತು. ಇದನ್ನು ನಾನೇ ಬರೆಯಬೇಕು ಅನ್ನಿಸಿತು. ಹೊತ್ತು ಹಿಡಿದರೂ ಪರವಾಗಿಲ್ಲ, ನನಗೆ ಈಗ ಬೇರೆ ಯಾವ ಕೆಲಸವಿದೆ.

ನೀನು ಹೇಳಿದ್ದಕ್ಕೇ ಅರ್ಧ ಹಾಕಿಕೊಂಡೆ. ಇಲ್ಲ, ನಿನ್ನದೇನೂ ತಪ್ಪಿಲ್ಲ ಎಂದು ಬರೆದರೆ ನಿನಗೆ ಸಮಾಧಾನವಾಗುತ್ತದೆ, ಆದರೆ ಸುಳ್ಳಾಗುತ್ತದೆ. ಅಕ್ಟೋಬರಿನಲ್ಲಿ ಡಾಕ್ಟರು ಕೈಮುಗಿದು ಹೇಳಿದರು, ಪೂರ್ತಿ ಹಾಕಿಕೊಳ್ಳಿ ಅಂತ. ಮನೆಗೆ ಬಂದು ಸಿರಿಂಜು ಹಿಡಿದು ಕೂತೆ. ನೆಲಕ್ಕೆ ಮುಖ ಒತ್ತಿ ಬಿದ್ದಿದ್ದು ನೆನಪಾಯಿತು, ನಿನ್ನ ಆಣೆ ನೆನಪಾಯಿತು, ಅರ್ಧಕ್ಕೆ ನಿಲ್ಲಿಸಿದೆ. ಅದು ನನ್ನ ಕೈಯೇ. ಹಾಗಾಗಿ ನಿನ್ನ ಮೇಲೆ ಸಿಟ್ಟಿಲ್ಲ. ಸಿಟ್ಟಿದ್ದಿದ್ದರೆ ಎಷ್ಟು ಸುಲಭವಿತ್ತು. ನಾಲ್ಕು ಬೈದು, ಎರಡು ಬಡಿದು, ಒಳಗೆ ಕರೆದು ಚಹಾ ಕೊಡುತ್ತಿದ್ದೆ.

ವಿಷಯ ಬೇರೆ. ನೀನು ಬಂದಾಗಲೆಲ್ಲ ಅಳುತ್ತೀಯ. ನೀನು ಅತ್ತರೆ ನಾನು "ಹೋಗಲಿ ಬಿಡೇ, ಆಗಿದ್ದು ಆಯ್ತು" ಅನ್ನಬೇಕು. ಕಾಲು ಹೋದದ್ದು ನನ್ನದು, ಹೋಗಲಿ ಬಿಡು ಅನ್ನುವವಳೂ ನಾನೇ. ಮೊದಲ ದಿನ ಅಂದೆ, ಎರಡನೇ ದಿನ ಅಂದೆ. ಮೂರನೇ ದಿನ ನೀನು ಹೋದ ಮೇಲೆ ಗೋಡೆಗೆ ತಲೆ ಚಚ್ಚಿಕೊಂಡೆ. ಆಯಾ ಹಿಡಿದುಕೊಂಡಳು. ಗೋಡೆಯಾಚೆ ನೀನು ಇದ್ದೆ, ನಿನಗೆ ಏನೂ ತಿಳಿಯಲಿಲ್ಲ. ಈ ಗೋಡೆ ಅಂಥದ್ದು.

ನಿನ್ನನ್ನು ಸಮಾಧಾನ ಮಾಡಲು ನನ್ನಲ್ಲಿ ಇನ್ನು ಏನೂ ಉಳಿದಿಲ್ಲ ಕೆಂಡಮ್ಮ. ನಿನ್ನ ಮುಖ ಕಂಡರೆ ಕಾಲು ನೆನಪಾಗುತ್ತದೆ. ಕಾಣದಿದ್ದರೂ ನೆನಪಾಗುತ್ತದೆ, ಆದರೆ ಆಗ ಅದು ನನ್ನೊಬ್ಬಳದು.

ಬರಬೇಡ ಎಂದು ಕಂಡಕ್ಟರ ಕೈಯಲ್ಲಿ ಬರೆಸಬೇಕಿತ್ತು. ಅವರು ಕೇಳಿದಾಗ ಸುಮ್ಮನಿದ್ದೆ. ನಿನ್ನನ್ನು ನೋಡುವ ಆಸೆ ಇತ್ತು, ಅದು ನನ್ನ ತಪ್ಪು. ನೀನು ಗಂಡನನ್ನು ಸಾಮಾನಿನ ಕೋಣೆಯಲ್ಲಿ ಬಿಟ್ಟು, ಮನೆ ಕೊಟ್ಟು, ನನಗಾಗಿ ಬಂದೆ. ಅದೂ ಗೊತ್ತು. ಅದನ್ನೆಲ್ಲ ಹೊರಲು ಈಗ ನನಗೆ ಆಗುವುದಿಲ್ಲ. ಅತ್ತು ಕರೆದು ಕಚೇರಿಯಲ್ಲಿ ಕೇಳು, ಆ ಒಳ್ಳೆಯ ಹೆಂಗಸು ಏನಾದರೂ ದಾರಿ ತೋರಿಸಿಯಾಳು. ನಿಮ್ಮ ಯಜಮಾನರ ಹತ್ತಿರ ಹೋಗು.

ಗುರುವಾರ ನನ್ನ ತಮ್ಮ ಬರುತ್ತಾನೆ. ಅವನ ಮನೆಯಲ್ಲಿ ನೆಲಮಹಡಿಯ ಹಿಂದಿನ ಕೋಣೆ ಖಾಲಿ ಮಾಡಿಸಿದ್ದಾನೆ. ನಾದಿನಿಗೆ ನನ್ನನ್ನು ಕಂಡರೆ ಅಷ್ಟಕ್ಕಷ್ಟೇ, ಆದರೆ ಅವಳು ಅಳುವುದಿಲ್ಲ. ಮಿಷಿನ್ ಬೇಡ ಅಂದ, ಅದನ್ನು ಮೇಲ್ವಿಚಾರಕನ ಹೆಂಡತಿಗೆ ಕೊಟ್ಟಿದ್ದೇನೆ. ವಿಳಾಸ ಬರೆಯುವುದಿಲ್ಲ. ನೀನು ಕಾಗದ ಹಾಕಿದರೆ ನಾನು ಓದುತ್ತೇನೆ, ಓದಿದರೆ ಉತ್ತರಿಸುತ್ತೇನೆ, ಮತ್ತೆ ಅಲ್ಲಿಂದಲೇ ಶುರು. ಬೇಡ.

ನನ್ನನ್ನು ಕರೆದುಕೊಂಡು ಹೋಗುವಾಗ ನೀನು ಬಾಗಿಲಲ್ಲಿ ನಿಂತು ನೋಡಬಾರದು. ಬೇರೆಯವರಾದರೆ ಕುರ್ಚಿ ಎಳೆಯುವ ಸದ್ದು, ಗಂಡಸರ ಮಾತು ಕೇಳಿ ಒಳಗೆ ಉಳಿಯುತ್ತಿದ್ದರು. ನಿನಗೆ ಕೇಳುವುದಿಲ್ಲ, ಏನೋ ಕೆಲಸಕ್ಕೆ ಹೊರಗೆ ಬಂದು ಎದುರಾಗಿಬಿಡುತ್ತೀಯ. ಅದಕ್ಕೇ ಹೇಳಿಡುತ್ತಿದ್ದೇನೆ. ಬೆಳಿಗ್ಗೆ ಹತ್ತು ಗಂಟೆಗೆ ಬರುತ್ತಾರೆ. ಲಿಫ್ಟ್ ಕೆಟ್ಟಿದ್ದರೆ ಹೊತ್ತು ಇಳಿಸಬೇಕು, ತಡವಾಗಬಹುದು. ಮಧ್ಯಾಹ್ನದವರೆಗೆ ಬಾಗಿಲು ತೆಗೆಯಬೇಡ.

ಅಕ್ಕ